ಮಿದುಳಿನ ಕಸ ಎಲ್ಲಿಗೆ ಹೋಗುತ್ತದೆ?

ಅರವತ್ತಕ್ಕೆ ಅರಳು ಮರುಳು ಎಂಬ ಮಾತು ಕನ್ನಡದಲ್ಲಿ ಹಳೆಯದು. ಅಜ್ಜ ಕನ್ನಡಕವನ್ನು ಹಣೆಗೇರಿಸಿಕೊಂಡು ಮನೆಯೆಲ್ಲ ಹುಡುಕಿದಾಗ, ಉಂಡು ಅರ್ಧ ಗಂಟೆಯಾಗಿರುವ ಅಜ್ಜಿ ತನಗಿನ್ನೂ ಊಟವೇ ಹಾಕಿಲ್ಲವೆಂದು ಮುನಿಸಿಕೊಂಡಾಗ, ಮನೆಮಂದಿ ಇದೊಂದು ಮಾತು ಹೇಳಿ ನಕ್ಕು ಸುಮ್ಮನಾಗುತ್ತಾರೆ. ಕನ್ನಡಕ ಇಟ್ಟ ಜಾಗ ಮರೆಯುವುದು ವಯಸ್ಸಿನ ಗುಣ. ಉಂಡದ್ದೇ ಮರೆತುಹೋಗುವುದು ಮಾತ್ರ ಬೇರೆ ಸಂಗತಿ. ಅದರ ಹಿಂದೆ ಬಹಳ ಸಲ ರೋಗವಿರುತ್ತದೆ. ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಇಂಥ ಮರೆವಿನ ರೋಗವಿದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜು ಮಾಡಿತು.

ಈ ರೋಗಿಗಳ ಮಿದುಳಿನಲ್ಲಿ ಆಗುವುದಾದರೂ ಏನು? ಬಹುಕಾಲ ವಿಜ್ಞಾನಿಗಳು ಕೊಟ್ಟ ಉತ್ತರ, ಅಲ್ಲಿ ಏನೋ ವಿಷವಸ್ತು ಹುಟ್ಟಿಕೊಳ್ಳುತ್ತದೆ ಎಂಬುದಾಗಿತ್ತು. ಈಗ ಆ ಉತ್ತರ ಅರ್ಧಕ್ಕಿಂತ ಹೆಚ್ಚು ಬದಲಾಗಿದೆ. ಆ ವಸ್ತು ಎಲ್ಲರ ಮಿದುಳಿನಲ್ಲೂ ದಿನವೂ ಹುಟ್ಟುತ್ತದೆ, ದಿನವೂ ಹೊರಕ್ಕೆ ಹೋಗುತ್ತದೆ. ಹೊರಹೋಗುವ ಕೆಲಸ ನಿಧಾನವಾದಾಗ ಕಷ್ಟ ಶುರುವಾಗುತ್ತದೆ.

ಫ್ರಾಂಕ್‌ಫರ್ಟ್‌ನ ಹೆಂಗಸು

ಕಥೆ ಆರಂಭವಾಗುವುದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಯಲ್ಲಿ. 1901ರ ನವೆಂಬರಿನಲ್ಲಿ ರೈಲ್ವೆ ಗುಮಾಸ್ತನೊಬ್ಬ ತನ್ನ 51 ವರ್ಷದ ಹೆಂಡತಿ ಆಗುಸ್ಟೆ ಡೇಟರ್‌ಳನ್ನು ಅಲ್ಲಿಗೆ ಸೇರಿಸಿದ. ವೈದ್ಯ ಆಲೊಯಿಸ್ ಆಲ್ಜೈಮರ್ ಆಕೆಯ ಹೆಸರು ಕೇಳಿದ. ಆಗುಸ್ಟೆ ಎಂದಳು. ಗಂಡನ ಹೆಸರು ಕೇಳಿದ. ಅದಕ್ಕೂ ಆಗುಸ್ಟೆ ಎಂದೇ ಉತ್ತರ. ಮಧ್ಯಾಹ್ನ ಆಕೆ ಹೂಕೋಸು ಮತ್ತು ಹಂದಿಮಾಂಸ ತಿನ್ನುತ್ತಿದ್ದಾಗ ಏನು ತಿನ್ನುತ್ತಿದ್ದೀಯೆಂದು ವಿಚಾರಿಸಿದರೆ, ಪಾಲಕ್ ಸೊಪ್ಪು ಎಂದಳು. ಆಲ್ಜೈಮರ್ ಇದನ್ನೆಲ್ಲ ಬರೆದಿಟ್ಟ ಕಡತ ಕಳೆದೇಹೋಯಿತೆಂದು ಎಲ್ಲರೂ ನಂಬಿದ್ದರು. 1995ರಲ್ಲಿ ಅದು ಫ್ರಾಂಕ್‌ಫರ್ಟ್‌ನಲ್ಲೇ ಸಿಕ್ಕಿತು.

1906ರ ಏಪ್ರಿಲ್‌ನಲ್ಲಿ ಆಗುಸ್ಟೆ ತೀರಿಕೊಂಡಳು. ಅಷ್ಟರಲ್ಲಿ ಮ್ಯೂನಿಕ್‌ಗೆ ಹೋಗಿದ್ದ ಆಲ್ಜೈಮರ್ ಆಕೆಯ ಮಿದುಳನ್ನು ತರಿಸಿಕೊಂಡು, ತೆಳು ಹೋಳು ಮಾಡಿ, ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಡಿ ನೋಡಿದ. ನರಕೋಶಗಳ ನಡುವೆ ಧಾನ್ಯದ ಕಾಳು ಚೆಲ್ಲಿದಂತೆ ಸಣ್ಣ ಸಣ್ಣ ಗಡ್ಡೆಗಳು. ನರಕೋಶಗಳ ಒಳಗೆ ದಾರದ ಸಿಕ್ಕಿನಂಥ ಎಳೆಗಳು. ಅದೇ ವರ್ಷ ನವೆಂಬರಿನಲ್ಲಿ ಟ್ಯೂಬಿಂಗನ್‌ನ ಸಭೆಯೊಂದರಲ್ಲಿ ಆತ ಇದನ್ನು ಮಂಡಿಸಿದಾಗ ಸಭಿಕರಲ್ಲಿ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲವಂತೆ. 1910ರಲ್ಲಿ ಎಮಿಲ್ ಕ್ರೆಪೆಲಿನ್ ತನ್ನ ಪಠ್ಯಪುಸ್ತಕದಲ್ಲಿ ರೋಗಕ್ಕೆ ಆಲ್ಜೈಮರ್‌ನ ಹೆಸರಿಟ್ಟ.

ಆ ಕಾಳುಗಳು ಯಾವ ಪದಾರ್ಥದವು ಎಂದು ತಿಳಿಯಲು ಮುಕ್ಕಾಲು ಶತಮಾನ ಬೇಕಾಯಿತು. 1984ರಲ್ಲಿ ಅಮೆರಿಕದ ಜಾರ್ಜ್ ಗ್ಲೆನ್ನರ್ ಮತ್ತು ಅವರ ಸಹಾಯಕರು ರೋಗಿಗಳ ಮಿದುಳ ಪೊರೆಯ ರಕ್ತನಾಳಗಳಿಂದ ಒಂದು ಪುಟ್ಟ ಪ್ರೊಟೀನನ್ನು ಬೇರ್ಪಡಿಸಿದರು. ಇಂದು ಅದನ್ನು ಅಮೈಲಾಯ್ಡ್ ಬೀಟಾ ಎನ್ನುತ್ತಾರೆ, ಕಾಳುಗಳಲ್ಲಿರುವುದೂ ಇದೇ. ನರಕೋಶದೊಳಗಿನ ಸಿಕ್ಕು ಟೌ ಎಂಬ ಇನ್ನೊಂದು ಪ್ರೊಟೀನಿನದು. ಕೈ ನಡುಗುವ, ನಡೆ ನಿಧಾನವಾಗುವ ಪಾರ್ಕಿನ್ಸನ್ ರೋಗದಲ್ಲಿ ನರಕೋಶಗಳೊಳಗೆ ದುಂಡನೆಯ ಉಂಡೆಗಳಿರುವುದನ್ನು ಫ್ರೆಡ್ರಿಕ್ ಲೂಯಿ 1912ರಲ್ಲೇ ವರ್ಣಿಸಿದ್ದರು. ಅವು ಆಲ್ಫಾ ಸಿನ್ಯೂಕ್ಲೀನ್ ಎಂಬ ಪ್ರೊಟೀನಿನ ಉಂಡೆಗಳೆಂದು ಗೊತ್ತಾದದ್ದು 1997ರಲ್ಲಿ. ರೋಗಕ್ಕೊಂದು ಪ್ರೊಟೀನು, ಆದರೆ ಎಲ್ಲದರ ಚಾಳಿಯೂ ಒಂದೇ: ಮಡಿಕೆ ತಪ್ಪುವುದು, ಒಂದಕ್ಕೊಂದು ಅಂಟಿಕೊಳ್ಳುವುದು, ಕರಗದೆ ಕೂರುವುದು.

ಇವು ರೋಗಿಯಲ್ಲಿ ಮಾತ್ರ ಹುಟ್ಟುವ ಅನಿಷ್ಟಗಳೆಂಬ ನಂಬಿಕೆ 1992ರಲ್ಲಿ ಮುರಿದುಬಿತ್ತು. ಆ ವರ್ಷ ಹಲವು ಪ್ರಯೋಗಾಲಯಗಳು ಬೇರೆಬೇರೆಯಾಗಿ ಒಂದೇ ಸಂಗತಿಯನ್ನು ಕಂಡವು. ಆರೋಗ್ಯವಂತರ ಜೀವಕೋಶಗಳೂ ಅಮೈಲಾಯ್ಡ್ ಬೀಟಾವನ್ನು ತಯಾರಿಸುತ್ತವೆ. ಹದಿಹರೆಯದವರಲ್ಲೂ ಇದೆ, ಮುದುಕರಲ್ಲೂ ಇದೆ. ಹಾಗಾದರೆ ಎಲ್ಲರಿಗೂ ರೋಗ ಏಕಿಲ್ಲ?

ತೊಟ್ಟಿ ತುಂಬುವುದೇಕೆ?

ನೀರಿನ ತೊಟ್ಟಿ ಉಕ್ಕಿ ಹರಿಯುವುದಕ್ಕೆ ಎರಡು ಕಾರಣ ಇರಬಹುದು. ನಲ್ಲಿ ಜೋರಾಗಿ ಬಿಟ್ಟಿರಬೇಕು, ಇಲ್ಲವೆ ಕೆಳಗಿನ ತೂಬು ಕಟ್ಟಿಕೊಂಡಿರಬೇಕು. ಮಿದುಳಿನ ವಿಷಯದಲ್ಲಿ ಯಾವುದು ನಿಜ ಎಂದು ಜೀವಂತ ಮನುಷ್ಯನಲ್ಲಿ ಅಳೆಯುವುದು ಹೇಗೆ? ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ರ‍್ಯಾಂಡಲ್ ಬೇಟ್‌ಮನ್ ಮತ್ತು ಅವರ ತಂಡ ಇದಕ್ಕೊಂದು ಜಾಣ ಉಪಾಯ ಹುಡುಕಿತು. ಪ್ರೊಟೀನುಗಳನ್ನು ಕಟ್ಟುವ ಇಟ್ಟಿಗೆಗಳು ಅಮೈನೊ ಆಮ್ಲಗಳು. ಅವುಗಳಲ್ಲೊಂದಾದ ಲ್ಯೂಸಿನ್ ಅನ್ನು ತುಸು ತೂಕ ಹೆಚ್ಚಿರುವ, ನಿರಪಾಯದ ಇಂಗಾಲದಿಂದ ಗುರುತು ಮಾಡಿ ಸ್ವಯಂಸೇವಕರ ರಕ್ತಕ್ಕೆ ಹನಿಹನಿಯಾಗಿ ಬಿಟ್ಟರು. ಬೆನ್ನಿಗೆ ಸಣ್ಣ ನಳಿಕೆ ತೂರಿಸಿ ಗಂಟೆಗೊಮ್ಮೆ ಬೆನ್ನುಹುರಿಯ ದ್ರವದ ಮಾದರಿ ತೆಗೆದರು. ಗುರುತಿನ ಲ್ಯೂಸಿನ್ ಹೊತ್ತ ಹೊಸ ಅಮೈಲಾಯ್ಡ್ ಎಷ್ಟು ಬೇಗ ಕಾಣಿಸಿಕೊಂಡಿತು ಎನ್ನುವುದು ನಲ್ಲಿಯ ಲೆಕ್ಕ. ಲ್ಯೂಸಿನ್ ನಿಲ್ಲಿಸಿದ ಮೇಲೆ ಅದು ಎಷ್ಟು ಬೇಗ ಮಾಯವಾಯಿತು ಎನ್ನುವುದು ತೂಬಿನ ಲೆಕ್ಕ.

2010ರಲ್ಲಿ ಫಲಿತಾಂಶ ಪ್ರಕಟವಾಯಿತು. 12 ಮಂದಿ ಆಲ್ಜೈಮರ್ ರೋಗಿಗಳು, 12 ಮಂದಿ ಆರೋಗ್ಯವಂತರು. ರೋಗದಲ್ಲಿ ಹೆಸರಾದ ಬಗೆಯ ಅಮೈಲಾಯ್ಡ್ ರೋಗಿಗಳಲ್ಲಿ ಗಂಟೆಗೆ ಶೇ. 6.6ರ ವೇಗದಲ್ಲಿ ತಯಾರಾಗುತ್ತಿದ್ದರೆ ಉಳಿದವರಲ್ಲಿ ಶೇ. 6.7. ಹೆಚ್ಚುಕಡಿಮೆ ಸಮಸಮ. ಹೊರಹೋಗುವ ವೇಗ ಮಾತ್ರ ಆರೋಗ್ಯವಂತರಲ್ಲಿ ಗಂಟೆಗೆ ಶೇ. 7.6, ರೋಗಿಗಳಲ್ಲಿ 5.3. ನಲ್ಲಿ ಸರಿಯಾಗಿಯೇ ಇತ್ತು, ತೂಬು ಕಟ್ಟಿತ್ತು. ಇಪ್ಪತ್ತನಾಲ್ಕು ಜನರ ಲೆಕ್ಕ ಚಿಕ್ಕದೆಂದು ಯಾರಾದರೂ ಆಕ್ಷೇಪಿಸಬಹುದು, ಅದು ನ್ಯಾಯವೇ. ಆದರೆ ಅದೇ ತಂಡ 2015ರಲ್ಲಿ ನೂರು ಮಂದಿಯನ್ನು ಪರೀಕ್ಷಿಸಿ ಪ್ರಕಟಿಸಿದ ಅಂಕಿಗಳು ಇನ್ನೂ ಕಣ್ಣು ತೆರೆಸುವಂಥವು. ಮಿದುಳಿನಲ್ಲಿರುವ ಅಮೈಲಾಯ್ಡ್‌ನ ಅರ್ಧ ಪಾಲು ಖಾಲಿಯಾಗಲು 30ರ ವಯಸ್ಸಿನಲ್ಲಿ ಸುಮಾರು 3.8 ಗಂಟೆ ಸಾಕು. 80ರಲ್ಲಿ 9.4 ಗಂಟೆ ಬೇಕು. ರೋಗವಿರಲಿ ಬಿಡಲಿ, ಮುಪ್ಪಿನ ಮಿದುಳಿಗೆ ಕಸ ಹೊರಹಾಕುವುದು ತಡವಾಗುತ್ತದೆ.

ನಲ್ಲಿಯೇ ಜೋರಾಗಿರುವ ಸಂಸಾರಗಳೂ ಇಲ್ಲದಿಲ್ಲ. ಕೆಲವು ಮನೆತನಗಳಲ್ಲಿ ಜೀನ್ ದೋಷದಿಂದ ನಲವತ್ತು ಐವತ್ತಕ್ಕೇ ಆಲ್ಜೈಮರ್ ಬರುತ್ತದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೇ ವರ್ಣತಂತು ಒಂದು ಹೆಚ್ಚಿಗೆ ಇರುವುದರಿಂದ ಅಮೈಲಾಯ್ಡ್ ತಯಾರಿಕೆಯೂ ಹೆಚ್ಚು. ಇವರು ಒಟ್ಟು ರೋಗಿಗಳಲ್ಲಿ ಸಣ್ಣ ಪಾಲು. ಉಳಿದ ಬಹುಪಾಲು ಜನರ ಪ್ರಶ್ನೆ ತೂಬಿನದೇ.

ರದ್ದಿ ಚೀಟಿ ಮತ್ತು ಗಾಣ

ತೂಬು ಎಂದರೂ ಮಿದುಳಿನಲ್ಲಿರುವುದು ಒಂದೇ ತೂಬಲ್ಲ. ನರಕೋಶದ ಒಳಗೆ ಒಂದು ವ್ಯವಸ್ಥೆ, ಹೊರಗೆ ಇನ್ನೊಂದು, ಊರಾಚೆ ಸಾಗಿಸುವುದಕ್ಕೆ ಮತ್ತೊಂದು.

ಮೊದಲು ಒಳಗಿನದು. ಕೋಶದಲ್ಲಿ ತಯಾರಾಗುವ ಪ್ರತಿ ಪ್ರೊಟೀನೂ ಸೀರೆ ಮಡಿಸಿದ ಹಾಗೆ ನಿರ್ದಿಷ್ಟ ರೀತಿಯಲ್ಲಿ ಮಡಿಸಿಕೊಳ್ಳಬೇಕು. ಮಡಿಕೆ ಕೆಟ್ಟವಕ್ಕೂ ಹಳತಾದವಕ್ಕೂ ಕೋಶವು ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೊಟೀನಿನ ಸರಪಣಿಯನ್ನು ಅಂಟಿಸುತ್ತದೆ. ಕಚೇರಿಯ ಹಳೆಯ ಕಡತಕ್ಕೆ ‘ರದ್ದಿಗೆ’ ಎಂದು ಚೀಟಿ ಹಚ್ಚಿದ ಹಾಗೆ. ಚೀಟಿ ಬಿದ್ದ ಪ್ರೊಟೀನು ಪ್ರೊಟಿಯಸೋಮ್ ಎಂಬ ಪೀಪಾಯಿ ಆಕಾರದ ಯಂತ್ರದೊಳಕ್ಕೆ ಹೋಗಿ ಚೂರುಚೂರಾಗುತ್ತದೆ. ಈ ಚೀಟಿಯ ಗುಟ್ಟನ್ನು ಬಿಡಿಸಿದ ಇಸ್ರೇಲಿನ ಆರನ್ ಚಿಚಾನೊವರ್, ಅವ್ರಾಮ್ ಹರ್ಷ್ಕೊ ಮತ್ತು ಅಮೆರಿಕದ ಅರ್ವಿನ್ ರೋಸ್ ಅವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಬಂತು. 1998ರಲ್ಲಿ ಜಪಾನಿನ ವಿಜ್ಞಾನಿಗಳು ಕಿರಿವಯಸ್ಸಿನ ಪಾರ್ಕಿನ್ಸನ್ ರೋಗಿಗಳಲ್ಲಿ ಕೆಟ್ಟಿರುವ ಪಾರ್ಕಿನ್ ಎಂಬ ಜೀನನ್ನು ಪತ್ತೆ ಮಾಡಿದರು. ಆ ಜೀನಿನ ಕೆಲಸವೇನೆಂದು ನೋಡಿದರೆ, ಇದೇ ಚೀಟಿ ಅಂಟಿಸುವುದು!

ಈ ಯಂತ್ರಕ್ಕೊಂದು ಮಿತಿ ಇದೆ. ಅದರ ಬಾಯಿ ಬಲು ಕಿರಿದು. ಕಬ್ಬಿನ ಗಾಣಕ್ಕೆ ಜಲ್ಲೆಗಳನ್ನು ಒಂದೊಂದಾಗಿ ಕೊಟ್ಟರೆ ಅರೆಯುತ್ತದೆ, ಕಟ್ಟನ್ನೇ ತುರುಕಿದರೆ ನಿಂತುಹೋಗುತ್ತದೆ. ಒಂಟಿ ಪ್ರೊಟೀನನ್ನು ಬಿಚ್ಚಿ ಒಳಗೆಳೆದುಕೊಳ್ಳುವ ಪ್ರೊಟಿಯಸೋಮ್ ಅಂಟಿಕೊಂಡ ಗಡ್ಡೆಯ ಮುಂದೆ ಸೋಲುತ್ತದೆ.

ಗಡ್ಡೆಗಳಿಗೆ ಬೇರೆ ಉಪಾಯ. ಕೋಶವು ಕಸವನ್ನು ಪೊರೆಯ ಚೀಲವೊಂದರಲ್ಲಿ ಕಟ್ಟಿ, ಆಮ್ಲ ಮತ್ತು ಕಿಣ್ವಗಳಿಂದ ತುಂಬಿದ ಲೈಸೋಸೋಮ್ ಎಂಬ ಇನ್ನೊಂದು ಚೀಲಕ್ಕೆ ಸುರಿದು ಜೀರ್ಣಿಸಿಬಿಡುತ್ತದೆ. ತನ್ನದನ್ನೇ ತಾನು ತಿನ್ನುವುದರಿಂದ ಬೆಲ್ಜಿಯಂನ ಕ್ರಿಸ್ಟಿಯಾನ್ ಡಿ ಡೂವ್ 1963ರಲ್ಲಿ ಇದನ್ನು ಆಟೊಫೇಜಿ ಎಂದು ಕರೆದರು. ಕನ್ನಡದಲ್ಲಿ ಸ್ವಭಕ್ಷಣೆ ಎನ್ನಬಹುದು. ಹೆಸರು ಬಂದ ಮೇಲೂ ಮೂರು ದಶಕ ಇದರ ಯಂತ್ರಾಂಗ ಯಾರಿಗೂ ತಿಳಿದಿರಲಿಲ್ಲ. ಟೋಕಿಯೊದ ಯೊಶಿನೊರಿ ಒಸುಮಿ ಅದನ್ನು ಹುಡುಕಿದ್ದು ಮನುಷ್ಯನಲ್ಲೂ ಅಲ್ಲ, ಇಲಿಯಲ್ಲೂ ಅಲ್ಲ. ಬ್ರೆಡ್ಡು ಉಬ್ಬಿಸುವ ಯೀಸ್ಟಿನಲ್ಲಿ. ಯೀಸ್ಟನ್ನು ಉಪವಾಸ ಕೆಡವಿ, ಕಸ ಕರಗಿಸುವ ಕಿಣ್ವ ಇಲ್ಲದ ತಳಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಕೆಲವೇ ಗಂಟೆಯಲ್ಲಿ ಕಸದ ಚೀಲಗಳು ಗುಡ್ಡೆಯಾಗಿ ಕಂಡವು. ಅಲ್ಲಿಂದ ಜೀನುಗಳ ಪಟ್ಟಿ ಸಿಕ್ಕಿತು. 2016ರ ವೈದ್ಯಕೀಯ ನೊಬೆಲ್ ಅವರೊಬ್ಬರಿಗೇ ಬಂತು.

ಯೀಸ್ಟಿಗೂ ಮರೆವಿಗೂ ಏನು ಸಂಬಂಧ ಎನ್ನುವವರಿಗೆ 2006ರಲ್ಲಿ ಜಪಾನಿನ ಎರಡು ತಂಡಗಳು ಉತ್ತರ ಕೊಟ್ಟವು. ಸ್ವಭಕ್ಷಣೆಗೆ ಬೇಕಾದ ಒಂದೇ ಒಂದು ಜೀನನ್ನು ಇಲಿಗಳ ಮಿದುಳಿನಲ್ಲಿ ಮಾತ್ರ ತೆಗೆದುಹಾಕಿದರು. ಬೇರೆ ಯಾವ ವಿಷವನ್ನೂ ಉಣಿಸಲಿಲ್ಲ, ಯಾವ ರೋಗದ ಜೀನನ್ನೂ ಸೇರಿಸಲಿಲ್ಲ. ಆದರೂ ನರಕೋಶಗಳಲ್ಲಿ ಚೀಟಿ ಹಚ್ಚಿದ ಪ್ರೊಟೀನಿನ ಗಡ್ಡೆಗಳು ಬೆಳೆದವು, ಇಲಿಗಳ ನಡಿಗೆ ತಪ್ಪಿತು, ಕೋಶಗಳು ಸತ್ತವು. ಬರೀ ಕಸ ಎತ್ತದೆ ಬಿಟ್ಟದ್ದಕ್ಕೇ ಈ ಗತಿ.

ಯಕೃತ್ತು, ಚರ್ಮಗಳಿಗೆ ಈ ಪಾಡು ಬರದೆ ಮಿದುಳಿಗೇ ಏಕೆ ಬರಬೇಕು? ಚರ್ಮದ ಕೋಶ ಇಬ್ಭಾಗವಾದಾಗ ಅದರ ಕಸವೂ ಇಬ್ಭಾಗವಾಗುತ್ತದೆ. ಹಳೆಯ ಕೋಶ ಉದುರಿಯೂ ಹೋಗುತ್ತದೆ. ನರಕೋಶ ವಿಭಜನೆಯಾಗುವುದಿಲ್ಲ. ಹುಟ್ಟುವಾಗ ಬಂದದ್ದು ಎಂಬತ್ತು ತೊಂಬತ್ತು ವರ್ಷ ಅದೇ ಮನೆಯಲ್ಲಿ ಬಾಳಬೇಕು, ಅದೇ ಮನೆ ಗುಡಿಸಬೇಕು. ಮನೆಯಾದರೂ ಎಂಥದ್ದು? ಕೆಲವು ನರಕೋಶಗಳ ಬಾಲ ಒಂದು ಮೀಟರಿಗೂ ಉದ್ದ. ಆ ತುದಿಯಲ್ಲಿ ಹುಟ್ಟಿದ ಕಸದ ಚೀಲವನ್ನು ಒಡಲಿನ ಹತ್ತಿರವಿರುವ ಲೈಸೋಸೋಮ್‌ಗಳವರೆಗೆ ಹೊತ್ತು ತರಬೇಕು. ಆಲ್ಜೈಮರ್ ರೋಗಿಗಳ ನರಕೋಶಗಳ ಬಾಲದಲ್ಲಿ ಅರ್ಧಕ್ಕೇ ನಿಂತ ಕಸದ ಚೀಲಗಳು ಸಾಲುಗಟ್ಟಿರುವುದನ್ನು ನ್ಯೂಯಾರ್ಕಿನ ರಾಲ್ಫ್ ನಿಕ್ಸನ್ ತಂಡ 2005ರಲ್ಲಿ ತೋರಿಸಿತು. ಘಾಟಿ ರಸ್ತೆಯಲ್ಲಿ ಲಾರಿ ಕೆಟ್ಟು ನಿಂತಾಗ ಹಿಂದೆ ಸಾಲು ಕಟ್ಟುವುದಿಲ್ಲವೇ, ಹಾಗೆ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯ ಅವರ ತಂಡ ಕೆಲಸ ಮಾಡುತ್ತಿರುವುದು ಈ ಸ್ವಭಕ್ಷಣೆಯ ಮೇಲೆಯೇ. ಸ್ವಭಕ್ಷಣೆಯನ್ನು ಚುರುಕುಗೊಳಿಸುವ 6-ಬಯೊ ಎಂಬ ಅಣುವನ್ನು ಮೊದಲು ಯೀಸ್ಟಿನಲ್ಲಿ ಪರೀಕ್ಷಿಸಿ, ಪಾರ್ಕಿನ್ಸನ್ ಮಾದರಿಯ ಇಲಿಗಳಲ್ಲೂ ಅದು ನರಕೋಶಗಳನ್ನು ಕಾಪಾಡುತ್ತದೆಂದು ಈ ತಂಡ 2017ರಲ್ಲಿ ವರದಿ ಮಾಡಿತು. ಇಲಿಯಿಂದ ಔಷಧದಂಗಡಿಗೆ ದಾರಿ ದೂರವಿದೆ. ಅಂಥ ಬಹಳಷ್ಟು ಅಣುಗಳು ನಡುದಾರಿಯಲ್ಲೇ ಉಳಿದಿವೆ ಎಂಬುದನ್ನೂ ಓದುಗರು ನೆನಪಿಡುವುದು ಒಳ್ಳೆಯದು.

ಕೋಶಗಳ ನಡುವಿನ ಬೀದಿಯಲ್ಲಿ ಬಿದ್ದ ಅಮೈಲಾಯ್ಡ್ ಅನ್ನು ನುಂಗುವ ಕೆಲಸ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳದು. ಇವನ್ನು ಗುರುತಿಸಿ ಹೆಸರಿಟ್ಟವರು ಸ್ಪೇನಿನ ಪಿಯೊ ಡೆಲ್ ರಿಯೊ ಹೊರ್ತೇಗ, 1919ರಲ್ಲಿ. ಇವುಗಳ ಮೈಮೇಲಿನ ಟ್ರೆಮ್2 ಎಂಬ ಗ್ರಾಹಕದಲ್ಲಿ ಸಣ್ಣ ದೋಷವಿದ್ದರೆ ಆಲ್ಜೈಮರ್ ಬರುವ ಸಂಭವ ಸುಮಾರು ಮೂರು ಪಟ್ಟಾಗುತ್ತದೆಂದು 2013ರಲ್ಲಿ ತಿಳಿಯಿತು. ಇನ್ನಷ್ಟು ಅಮೈಲಾಯ್ಡ್ ರಕ್ತನಾಳದ ಗೋಡೆ ದಾಟಿ ರಕ್ತಕ್ಕೆ ಸೇರುತ್ತದೆ. ಎಪೊಇ4 ಎಂಬ ಜೀನ್ ಬಗೆ ಉಳ್ಳವರಿಗೆ ರೋಗದ ಅಪಾಯ ಹೆಚ್ಚೆಂದು 1993ರಲ್ಲೇ ಗೊತ್ತಿತ್ತು. ಅದು ಅಮೈಲಾಯ್ಡ್ ಹೊರಹೋಗುವುದನ್ನು ನಿಧಾನಿಸುತ್ತದೆಂದು ಇಲಿಗಳಲ್ಲಿ ಸ್ಪಷ್ಟವಾದದ್ದು 2011ರಲ್ಲಿ.

ಇಲ್ಲವೆಂದುಕೊಂಡಿದ್ದ ಚರಂಡಿ

ಎಲ್ಲಕ್ಕಿಂತ ಸ್ವಾರಸ್ಯದ್ದು ಮೂರನೆಯ ವ್ಯವಸ್ಥೆ. ದೇಹದ ಉಳಿದೆಡೆ ಅಂಗಾಂಗಗಳ ನಡುವಿನ ಕೊಳೆ ದುಗ್ಧರಸ ನಾಳಗಳ ಮೂಲಕ ಹರಿದುಹೋಗುತ್ತದೆ. ಮಿದುಳಿಗೆ ಮಾತ್ರ ಅಂಥ ನಾಳಗಳಿಲ್ಲ ಎಂದು ವೈದ್ಯ ವಿದ್ಯಾರ್ಥಿಗಳು ತಲೆಮಾರುಗಳಿಂದ ಓದುತ್ತ ಬಂದರು. ದೇಹದ ತೂಕದಲ್ಲಿ ಶೇ. 2ರಷ್ಟಿದ್ದು ಶೇ. 20ರಷ್ಟು ಶಕ್ತಿಯನ್ನು ಉಣ್ಣುವ ಅಂಗಕ್ಕೆ ಚರಂಡಿಯೇ ಇಲ್ಲವೆಂದರೆ ಹೇಗೆ ಎಂದು ಯಾರಿಗೂ ಅನ್ನಿಸಲಿಲ್ಲವೆಂದಲ್ಲ. ಇಟಲಿಯ ಅಂಗರಚನಾ ಶಾಸ್ತ್ರಜ್ಞ ಪಾವೊಲೊ ಮಸ್ಕಾನಿ 1787ರಲ್ಲಿ ಪ್ರಕಟಿಸಿದ ದುಗ್ಧರಸ ನಾಳಗಳ ದೊಡ್ಡ ಗ್ರಂಥದಲ್ಲಿ ಮಿದುಳ ಪೊರೆಯಲ್ಲೂ ಅವಿವೆಯೆಂದು ಹೇಳಿದ್ದ. ನಂತರದವರು ಅದನ್ನು ಒಪ್ಪಲಿಲ್ಲ. ಹೇಳಿದ್ದು ಹಾಗೇ ಉಳಿಯಿತು.

2015ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಜೊನಾಥನ್ ಕಿಪ್ನಿಸ್ ಅವರ ಪ್ರಯೋಗಾಲಯದ ಆಂಟೊಯಿನ್ ಲೂವೊ ಇಲಿಯ ಮಿದುಳ ಪೊರೆಯನ್ನು ಕತ್ತರಿಸದೆ ಇಡಿಯಾಗಿ ಹರಡಿ ನೋಡಿದರು. ನೋಡಿದರೆ ನಾಳಗಳು ಇದ್ದವು! ದೊಡ್ಡ ರಕ್ತನಾಳಗಳ ಪಕ್ಕದಲ್ಲೇ ಸಾಗಿ ಕುತ್ತಿಗೆಯ ಗ್ರಂಥಿಗಳನ್ನು ಸೇರುತ್ತಿದ್ದವು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಕರಿ ಅಲಿಟಾಲೊ ತಂಡವೂ ಅದೇ ವರ್ಷ ಅವನ್ನೇ ಕಂಡಿತು. 2017ರಲ್ಲಿ ಎಂಆರ್‌ಐ ಯಂತ್ರದಿಂದ ಮನುಷ್ಯರಲ್ಲೂ ತೋರಿಸಿದ್ದಾಯಿತು. ಮಸ್ಕಾನಿ ಬರೆದು 230 ವರ್ಷ ಕಳೆದಿತ್ತು. ಮರುವರ್ಷ, 2018ರಲ್ಲಿ, ಕಿಪ್ನಿಸ್ ತಂಡ ಈ ನಾಳಗಳನ್ನು ಕೆಡಿಸಿದ ಇಲಿಗಳಲ್ಲಿ ಅಮೈಲಾಯ್ಡ್ ಹೆಚ್ಚಾಗುವುದನ್ನೂ, ಮುದಿ ಇಲಿಗಳಲ್ಲಿ ನಾಳಗಳನ್ನು ಚುರುಕುಗೊಳಿಸಿದಾಗ ಅವು ಕಲಿಯುವುದರಲ್ಲಿ ಸುಧಾರಿಸುವುದನ್ನೂ ವರದಿ ಮಾಡಿತು.

ಪೊರೆಯ ನಾಳಗಳು ಊರಾಚೆಯ ಮೋರಿಯಿದ್ದಂತೆ. ಒಳಗಿನ ಗಲ್ಲಿಗಳಿಂದ ಕೊಳೆ ಅಲ್ಲಿಯವರೆಗೆ ಬರುವುದು ಹೇಗೆ? ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಮೈಕೆನ್ ನೆಡರ್‌ಗಾರ್ಡ್ ಮತ್ತು ಜೆಫ್ರಿ ಇಲಿಫ್ 2012ರಲ್ಲಿ ಒಂದು ದಾರಿ ತೋರಿಸಿದರು. ಮಿದುಳನ್ನು ಆವರಿಸಿರುವ ತಿಳಿದ್ರವ ಮನುಷ್ಯನಲ್ಲಿ ಸುಮಾರು 150 ಮಿಲಿಲೀಟರಿನಷ್ಟಿದ್ದು ದಿನಕ್ಕೆ ಮೂರು ನಾಲ್ಕು ಬಾರಿ ಹೊಸದಾಗುತ್ತದೆ. ಇದು ಶುದ್ಧ ರಕ್ತನಾಳಗಳ ಹೊರಮೈಯ ಗುಂಟ ಮಿದುಳಿನೊಳಕ್ಕೆ ಇಳಿದು, ಕೋಶಗಳ ಸಂದುಗಳಲ್ಲಿ ಹಾಯ್ದು, ಕೊಳೆ ಬಳಿದುಕೊಂಡು ಮಲಿನ ರಕ್ತನಾಳಗಳ ಗುಂಟ ಹೊರಬೀಳುತ್ತದೆ. ಇದನ್ನು ತಳ್ಳುವುದು ನಾಡಿಯ ಮಿಡಿತ. ಆಸರೆ ಕೋಶಗಳ ಪಾದಗಳಲ್ಲಿರುವ ಅಕ್ವಾಪೊರಿನ್-4 ಎಂಬ ನೀರಿನ ಬಾಗಿಲುಗಳು ಇದಕ್ಕೆ ದಾರಿ ಬಿಡುತ್ತವೆ.

ಮರುವರ್ಷ ಇದೇ ತಂಡ ಹೇಳಿದ ಮಾತು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ನಿದ್ದೆಯಲ್ಲಿರುವ ಇಲಿಯ ಮಿದುಳಿನಲ್ಲಿ ಕೋಶಗಳ ನಡುವಿನ ಸಂದು ಶೇ. 60ರಷ್ಟು ಹಿಗ್ಗುತ್ತದೆ, ಅಮೈಲಾಯ್ಡ್ ಎಚ್ಚರದಲ್ಲಿದ್ದಾಗಿನ ಎರಡು ಪಟ್ಟು ವೇಗದಲ್ಲಿ ಹೊರಹೋಗುತ್ತದೆ ಎಂಬುದು ಅದರ ಸಾರ. ಅಂಗಡಿ ಮುಚ್ಚಿದ ಮೇಲೆ ಕಸ ಗುಡಿಸುವಂತೆ, ರಾತ್ರಿ ಮಿದುಳು ತೊಳೆದುಕೊಳ್ಳುತ್ತದೆ! ಚಿತ್ರ ಅಷ್ಟು ಸೊಗಸಾಗಿದ್ದರಿಂದ ಬೇಗ ಹಬ್ಬಿತು. ಹಾಸಿಗೆ ಮಾರುವವರೂ ಇದನ್ನು ಬಳಸಿಕೊಂಡರು.

ಇಲ್ಲಿ ಸ್ವಲ್ಪ ನಿಲ್ಲಬೇಕು. 2024ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ನಿಕ್ ಫ್ರಾಂಕ್ಸ್ ಮತ್ತು ಸಂಗಡಿಗರು ಇಲಿಗಳ ಮಿದುಳಿಗೆ ಬಣ್ಣದ ದ್ರವ ಬಿಟ್ಟು ಅಳೆದು, ನಿದ್ದೆಯಲ್ಲೂ ಅರಿವಳಿಕೆಯಲ್ಲೂ ಹೊರಹೋಗುವ ಕೆಲಸ ಕಡಿಮೆಯಾಗುತ್ತದೆಂದು ಹೇಳಿದರು. ಪೂರಾ ತಿರುಗುಮುರುಗು. ನೆಡರ್‌ಗಾರ್ಡ್ ಅವರು ಫ್ರಾಂಕ್ಸ್ ತಂಡದ ಅಳತೆಯ ವಿಧಾನವನ್ನೇ ಒಪ್ಪಲಿಲ್ಲ. ವಾದ ಇನ್ನೂ ಮುಗಿದಿಲ್ಲ. ಆದ್ದರಿಂದ ನಿದ್ದೆಯ ವಿಷಯದಲ್ಲಿ ಮನುಷ್ಯರಿಂದ ದೊರೆತ ಸಾಕ್ಷ್ಯವನ್ನು ಬೇರೆಯಾಗಿಯೇ ತೂಗಬೇಕು. ಅಮೆರಿಕದಲ್ಲಿ 20 ಮಂದಿ ಆರೋಗ್ಯವಂತರನ್ನು ಒಂದು ರಾತ್ರಿ ಎಚ್ಚರವಿರಿಸಿ ಪೆಟ್ ಸ್ಕ್ಯಾನ್ ಮಾಡಿದಾಗ ನೆನಪಿಗೆ ಮುಖ್ಯವಾದ ಭಾಗಗಳಲ್ಲಿ ಅಮೈಲಾಯ್ಡ್ ಸುಮಾರು ಶೇ. 5ರಷ್ಟು ಏರಿದ್ದು 2018ರಲ್ಲಿ ವರದಿಯಾಯಿತು. ಬ್ರಿಟನ್ನಿನಲ್ಲಿ ಸುಮಾರು 8 ಸಾವಿರ ಸರ್ಕಾರಿ ನೌಕರರನ್ನು ಕಾಲು ಶತಮಾನ ಹಿಂಬಾಲಿಸಿದ ಅಧ್ಯಯನ, 50ರಿಂದ 70ರವರೆಗೆ ಸತತವಾಗಿ ಆರು ಗಂಟೆ ಅಥವಾ ಕಡಿಮೆ ನಿದ್ದೆ ಮಾಡಿದವರಲ್ಲಿ ಮರೆವಿನ ರೋಗದ ಸಂಭವ ಶೇ. 30ರಷ್ಟು ಹೆಚ್ಚೆಂದು 2021ರಲ್ಲಿ ಹೇಳಿತು. ನಿದ್ದೆಗೂ ರೋಗಕ್ಕೂ ನಂಟಿದೆ ಎನ್ನಲು ಇಷ್ಟು ಸಾಕು. ಆದರೆ ಈ ರೋಗವೇ ನಿದ್ದೆಯನ್ನು ಕೆಡಿಸುತ್ತದೆ ಎಂಬುದೂ ನಿಜವಾದ್ದರಿಂದ ಯಾವುದು ಮೊದಲು ಎಂದು ಬಿಡಿಸುವುದು ಕಷ್ಟ.

ಹಾಗೆಂದು ನಿದ್ದೆಗುಳಿಗೆ ನುಂಗಿ ಮಲಗಿದರೆ ಆಯಿತೇ? ಜೋಲ್ಪಿಡೆಮ್ ಎಂಬ ಸಾಮಾನ್ಯ ನಿದ್ದೆಗುಳಿಗೆ ಕೊಟ್ಟ ಇಲಿಗಳು ಬೇಗ ಮಲಗಿದವು, ಆದರೆ ದ್ರವವನ್ನು ತಳ್ಳುವ ನಿಧಾನ ಅಲೆಗಳು ಅವುಗಳಲ್ಲಿ ಕುಗ್ಗಿದವು ಎಂದು ನೆಡರ್‌ಗಾರ್ಡ್ ತಂಡವೇ 2025ರ ಜನವರಿಯಲ್ಲಿ ಪ್ರಕಟಿಸಿತು. ಇದೂ ಇಲಿಗಳ ಮಾತು. ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಇದನ್ನು ಓದಿ ನಿಲ್ಲಿಸುವುದು ಬೇಡ.

ಔಷಧ ಗುಡಿಸಿದ್ದೇನು?

ಮಿದುಳು ತಾನಾಗಿ ಗುಡಿಸದಿದ್ದರೆ ಹೊರಗಿನಿಂದ ಗುಡಿಸಬಾರದೇಕೆ? ಈ ಆಲೋಚನೆಗೆ ಕಾಲು ಶತಮಾನದ ಇತಿಹಾಸವಿದೆ, ಅದರಲ್ಲಿ ಪೆಟ್ಟು ತಿಂದದ್ದೇ ಹೆಚ್ಚು. 1999ರಲ್ಲಿ ಡೇಲ್ ಶೆಂಕ್ ಎಂಬ ಅಮೆರಿಕದ ವಿಜ್ಞಾನಿ ಇಲಿಗಳಿಗೆ ಅಮೈಲಾಯ್ಡ್‌ನದೇ ಲಸಿಕೆ ಹಾಕಿದರು. ಗಡ್ಡೆಗಳು ಮಾಯವಾದವು. ಮನುಷ್ಯರ ಮೇಲಿನ ಪರೀಕ್ಷೆಯಲ್ಲಿ ಲಸಿಕೆ ಪಡೆದವರ ಪೈಕಿ ಸುಮಾರು ಶೇ. 6ರಷ್ಟು ಮಂದಿಗೆ ಮಿದುಳಿನ ಉರಿಯೂತ ಬಂದು 2002ರಲ್ಲಿ ಅದನ್ನು ನಿಲ್ಲಿಸಿದರು. ಆ ಲಸಿಕೆಯ ಮೊದಲ ಹಂತದಲ್ಲಿ ಪಾಲ್ಗೊಂಡು ಮುಂದೆ ತೀರಿಕೊಂಡ ಕೆಲವರ ಮಿದುಳನ್ನು ಬ್ರಿಟನ್ನಿನ ವೈದ್ಯರು ಪರೀಕ್ಷಿಸಿದ ವರದಿ 2008ರಲ್ಲಿ ಬಂತು. ಕೆಲವರಲ್ಲಿ ಅಮೈಲಾಯ್ಡ್ ಹೆಚ್ಚುಕಡಿಮೆ ಪೂರ್ತಿ ಗುಡಿಸಿಹೋಗಿತ್ತು. ಆದರೂ ಅವರು ಸಾಯುವ ಮೊದಲು ತೀವ್ರ ಮರೆವಿನ ಹಂತ ತಲುಪಿದ್ದರು. ಕಸ ಹೋಗಿತ್ತು, ನೆನಪು ಬಂದಿರಲಿಲ್ಲ.

ಇದರ ಅರ್ಥ ಗುಡಿಸುವುದು ವ್ಯರ್ಥ ಎಂದಲ್ಲ, ತಡವಾಗಿ ಗುಡಿಸಿದರೆ ಫಲ ಕಡಿಮೆ ಎಂದು ಹಲವರು ವಾದಿಸಿದರು. ಅಮೈಲಾಯ್ಡ್ ಕೂಡತೊಡಗುವುದು ಮರೆವು ಕಾಣಿಸಿಕೊಳ್ಳುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲು. ಅಷ್ಟರಲ್ಲಿ ಟೌ ಸಿಕ್ಕುಗಳು ಬೆಳೆದು ಕೋಶಗಳು ಸತ್ತಿರುತ್ತವೆ. ರೋಗದ ಆರಂಭದಲ್ಲಿರುವ 1,795 ಜನರ ಮೇಲೆ ಲೆಕನೆಮ್ಯಾಬ್ ಎಂಬ ಪ್ರತಿಕಾಯವನ್ನು ಹದಿನೆಂಟು ತಿಂಗಳು ಪರೀಕ್ಷಿಸಿದಾಗ ಇಳಿಜಾರು ಶೇ. 27ರಷ್ಟು ನಿಧಾನವಾಯಿತು. 2023ರಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿತು, 2024ರಲ್ಲಿ ಡೊನನೆಮ್ಯಾಬ್‌ಗೂ. ಅದಕ್ಕೂ ಮೊದಲು, 2021ರಲ್ಲಿ, ಭಾರೀ ವಿವಾದದ ನಡುವೆ ಒಪ್ಪಿಗೆ ಪಡೆದಿದ್ದ ಅಡುಕನುಮ್ಯಾಬ್ ಅನ್ನು ಅದರ ಕಂಪೆನಿಯೇ 2024ರಲ್ಲಿ ಕೈಬಿಟ್ಟಿತು.

ಶೇ. 27 ಎಂದರೆ ರೋಗಿಯ ಮನೆಯವರಿಗೆ ಎಷ್ಟು? 18 ಅಂಕಗಳ ಅಳತೆಗೋಲಿನಲ್ಲಿ ಅರ್ಧ ಅಂಕಕ್ಕಿಂತ ಕಡಿಮೆ ವ್ಯತ್ಯಾಸ. ಲೆಕನೆಮ್ಯಾಬ್ ಪಡೆದವರಲ್ಲಿ ಶೇ. 12.6ರಷ್ಟು ಮಂದಿಗೆ ಮಿದುಳು ಊದಿಕೊಂಡದ್ದು ಸ್ಕ್ಯಾನ್‌ನಲ್ಲಿ ಕಂಡಿತು; ಬಹಳಷ್ಟು ಜನರಿಗೆ ಅದರಿಂದ ತೊಂದರೆಯ ಲಕ್ಷಣಗಳಿರಲಿಲ್ಲ ಎಂಬುದು ಸಮಾಧಾನ. ಮತ್ತೆಮತ್ತೆ ಸ್ಕ್ಯಾನ್ ಬೇಕು, ಆಸ್ಪತ್ರೆಗೆ ಹೋಗಿ ಔಷಧವನ್ನು ರಕ್ತನಾಳಕ್ಕೆ ಹನಿಸಿಕೊಳ್ಳಬೇಕು. ಮಗನೋ ಮಗಳೋ ಕೆಲಸ ಬಿಟ್ಟು ತಾಯಿಯನ್ನು ಕಾಯುವ ಮನೆಗಳಿಗೆ ಇದು ಸುಲಭದ ದಾರಿಯಲ್ಲ. ಕಸವೇ ರೋಗದ ಒಂದು ಕಾರಣ ಎಂಬ ವಾದಕ್ಕೆ ಈ ಔಷಧಗಳು ಬಲ ಕೊಟ್ಟಿವೆ. ರೋಗ ಗೆದ್ದೆವೆಂದು ಹೇಳುವಷ್ಟು ಬಲ ಇದಲ್ಲ.

ಇದಕ್ಕಿಂತ ಅಗ್ಗದ ದಾರಿಯೊಂದು ರಕ್ತದೊತ್ತಡದ ಕಡೆಯಿಂದ ಬರುತ್ತಿರುವುದು ಕುತೂಹಲದ ಸಂಗತಿ. ಚರಂಡಿಯ ದ್ರವವನ್ನು ತಳ್ಳುವುದು ನಾಡಿಯ ಮಿಡಿತ ಎಂದೆವಷ್ಟೆ. ರಕ್ತದೊತ್ತಡ ಏರಿಸಿದ ಇಲಿಗಳಲ್ಲಿ ರಕ್ತನಾಳದ ಗೋಡೆಯ ಚಲನೆ ಬದಲಾಗಿ ದ್ರವದ ಹರಿವು ತಗ್ಗುವುದನ್ನು 2018ರಲ್ಲಿ ಕಂಡರು. ಇದಕ್ಕೆ ಸಂಬಂಧವಿಲ್ಲದೆ ಅಮೆರಿಕದಲ್ಲಿ 9 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಯಲ್ಲಿ, ಮೇಲಿನ ರಕ್ತದೊತ್ತಡವನ್ನು 140ರ ಬದಲು 120ಕ್ಕೆ ಇಳಿಸಿಕೊಂಡವರಲ್ಲಿ ಮರೆವಿನ ಮೊದಲ ಹಂತ ಶೇ. 19ರಷ್ಟು ಕಡಿಮೆಯಾದದ್ದು 2019ರಲ್ಲಿ ಪ್ರಕಟವಾಯಿತು. ಪೂರ್ಣ ಮರೆವಿನ ರೋಗದಲ್ಲಿ ಅಷ್ಟು ಖಚಿತ ವ್ಯತ್ಯಾಸ ಸಿಗಲಿಲ್ಲ. ಚರಂಡಿ ಸರಿಯಾದದ್ದರಿಂದಲೇ ಹೀಗಾಯಿತೆಂದು ಆ ಪರೀಕ್ಷೆ ಹೇಳುವುದೂ ಇಲ್ಲ. ಒತ್ತಡದ ಮಾತ್ರೆ ಮಾತ್ರ ಹಳ್ಳಿಯ ಔಷಧದಂಗಡಿಯಲ್ಲೂ ಸಿಗುತ್ತದೆ.

ಮೇಲೆ ಹೇಳಿದ ಮನುಷ್ಯರ ಅಂಕಿಗಳೆಲ್ಲ ಬಹುಪಾಲು ಯುರೋಪ್ ಮತ್ತು ಅಮೆರಿಕದವು. ನಮ್ಮ ಊಟ, ನಿದ್ದೆ, ಜೀನು, ಸಕ್ಕರೆ ಕಾಯಿಲೆಯ ಲೆಕ್ಕ ಬೇರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಸಂಗ್ರಹಾಲಯವಿದ್ದು, ತೀರಿಕೊಂಡವರ ಕುಟುಂಬದವರು ದಾನ ಕೊಟ್ಟ ಮಿದುಳುಗಳನ್ನು ಸಂಶೋಧನೆಗಾಗಿ ಕಾಪಿಟ್ಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಬದುಕಿರುವವರನ್ನು ಹಿಂಬಾಲಿಸುವ ಕೆಲಸ ಕೈಗೊಂಡಿದೆ. ಅದಕ್ಕೆ ಆರಿಸಿಕೊಂಡದ್ದು ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳನ್ನು. 45 ದಾಟಿದ, ಇನ್ನೂ ಮರೆವಿನ ರೋಗ ತಗುಲದ 10 ಸಾವಿರ ಮಂದಿಯನ್ನು ಸೇರಿಸಿಕೊಳ್ಳುವುದು ಗುರಿ. ಅವರ ನೆನಪಿನ ಪರೀಕ್ಷೆ, ರಕ್ತ ಪರೀಕ್ಷೆ, ಜೀನ್ ತಪಾಸಣೆ, ಮಿದುಳಿನ ಎಂಆರ್‌ಐ ಇವನ್ನು ವರ್ಷಗಳ ಕಾಲ ಮತ್ತೆಮತ್ತೆ ಮಾಡುತ್ತ ಹೋಗುವುದು ಯೋಜನೆ. ಯಾರ ಮಿದುಳಿನಲ್ಲಿ ಬದಲಾವಣೆ ಮೊದಲು ಕಾಣುತ್ತದೆ, ಯಾರದು ಎಂಬತ್ತಕ್ಕೂ ಚುರುಕಾಗಿ ಉಳಿಯುತ್ತದೆ ಎಂಬುದಕ್ಕೆ ಉತ್ತರ ಬರಬೇಕಾದರೆ ಕಾಯಬೇಕು. ಅಧ್ಯಯನ ಶುರುವಾದದ್ದು 2018ರಲ್ಲಿ. ಆಗ 45ರ ಹರೆಯದಲ್ಲಿ ಹೆಸರು ಕೊಟ್ಟವರಿಗೆ 60 ತುಂಬುವುದು 2033ಕ್ಕೆ.